ಮನೆಯಲ್ಲೇ ಚೈನ್ ಸ್ಪ್ರಾಕೆಟ್ ಬದಲಿಸುವುದು: ಹಲ್ಲಿನ ಲೆಕ್ಕದಿಂದ ಆಕ್ಸಲ್ ನಟ್‌ವರೆಗೆ

ಬೈಕಿನ ಓಟದ ಗುಣ ಬದಲಾಗಬೇಕಾದರೆ ಎಂಜಿನ್ ಬಿಚ್ಚಲೇಬೇಕು ಎಂದೇನಿಲ್ಲ. ಚೈನ್ ಸುತ್ತುವ ಹಲ್ಲಿನ ಚಕ್ರವೇ ಸ್ಪ್ರಾಕೆಟ್. ಎಂಜಿನ್ ಬಳಿಯ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದೇ ಒಂದು ಹಲ್ಲು ಕಡಿಮೆ ಮಾಡಿದರೂ ಸಾಕು, ಏರು ಹತ್ತುವಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಡುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಚೈನ್ ಸೆಟ್ ಸವೆದು ಬದಲಿಸುವ ಹೊತ್ತು ಹೇಗೂ ಬಂದೇ ಬರುತ್ತದೆ. ಹಲ್ಲು ಬದಲಿಸುವುದಕ್ಕೂ ಅದೇ ಸರಿಯಾದ ಸಮಯ. ಆತುರಪಡದೆ ಮಾಡಿದರೆ ಅರ್ಧ ದಿನದ ಕೆಲಸ. ಇದರಲ್ಲಿ ದೊಡ್ಡ ಕಷ್ಟವೇನೂ ಇಲ್ಲ. ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ: ಮಡಿಸದೆ ಬಿಟ್ಟ ಲಾಕ್ ವಾಷರ್, ತಿರುಗಿಸಿ ಹಾಕಿದ ಕ್ಲಿಪ್, ಕಣ್ಣಂದಾಜಿನಲ್ಲಿ ಬಿಗಿ ಮಾಡಿದ ಚೈನ್.

ಸವೆತ ಪತ್ತೆ ಮಾಡುವುದು

ಚೈನ್ ಉದ್ದವಾಗಿದೆ ಎನ್ನುತ್ತೇವೆ, ಆದರೆ ಅದರ ಪಟ್ಟಿಗಳೇನೂ ರಬ್ಬರಿನ ಹಾಗೆ ಎಳೆದುಕೊಂಡಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನೂ ಅದರ ಬುಷ್ಷೂ ಉಜ್ಜಿ ಉಜ್ಜಿ ಸವೆದಿರುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತ, ನೂರು ಕೊಂಡಿ ಸೇರಿದರೆ ಬೆರಳಗಲ. ಅಳೆಯುವುದು ಸುಲಭ. ಚೈನಿನ ಕೆಳಭಾಗವನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೇ ಪಿನ್ನಿನ ನಡುವಿಗೆ ಅಳೆಯಿರಿ. 520, 525, 530 ಎಂಬ ಸೈಜ್ ಸಂಖ್ಯೆಯ ಚೈನ್‌ಗಳಲ್ಲಿ ಹೊಸದರ ಅಳತೆ 317.5 ಮಿ.ಮೀ., 428ರಲ್ಲಿ 254 ಮಿ.ಮೀ. ಇದು ಶೇ. 1ರಷ್ಟು ಹೆಚ್ಚಿದ್ದರೆ, ಅಂದರೆ 520ರಲ್ಲಿ ಸುಮಾರು 320.7 ಮಿ.ಮೀ. ತಲುಪಿದ್ದರೆ, ಮುಲಾಜು ನೋಡದೆ ಬದಲಿಸಿ. ಕೆಲವು ಬೈಕ್‌ಗಳ ಮ್ಯಾನುಯಲ್ ಇದಕ್ಕಿಂತಲೂ ಕಡಿಮೆ ಮಿತಿ ಕೊಟ್ಟಿರುತ್ತದೆ. ಆಗ ಅದೇ ಅಂತಿಮ.

ಸ್ಕೇಲ್ ಕೈಗೆ ಸಿಗದಿದ್ದರೆ, ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಬಯಲಾದರೆ ಚೈನ್ ಮುಗಿದಿದೆ. ಹಲ್ಲುಗಳು ಒಂದೇ ದಿಕ್ಕಿಗೆ ಬಾಗಿ ಕೊಕ್ಕೆಯ ಹಾಗಾಗಿದ್ದರೆ ಸ್ಪ್ರಾಕೆಟ್ ಕೂಡ ಮುಗಿದಿದೆ.

ಚೈನ್ ಮತ್ತು ಎರಡು ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೇ ಬದಲಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದರ ರೋಲರ್ ಸರಿಯಾಗಿ ಕೂರುವುದಿಲ್ಲ, ಎಳೆತವೆಲ್ಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಹೊಸ ಚೈನಿನ ಆಯಸ್ಸು ಅಲ್ಲೇ ಕರಗಿಹೋಗುತ್ತದೆ.

ಹಲ್ಲಿನ ಲೆಕ್ಕ

ಹಿಂದಿನ ಹಲ್ಲುಗಳ ಸಂಖ್ಯೆಯನ್ನು ಮುಂದಿನದರಿಂದ ಭಾಗಿಸಿ. ಮುಂದೆ 15, ಹಿಂದೆ 45 ಇದ್ದರೆ 3.00. ಮುಂದೆ 14 ಮಾಡಿದರೆ 3.21. ಮುಂದಿನದನ್ನು ಹಾಗೇ ಇಟ್ಟು ಹಿಂದೆ 48 ಹಾಕಿದರೆ 3.20. ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ ಎನ್ನುವ ಮೆಕ್ಯಾನಿಕ್‌ಗಳ ಲೆಕ್ಕ ಬಂದಿರುವುದು ಇಲ್ಲಿಂದಲೇ.

ಈ ಬದಲಾವಣೆಯಲ್ಲಿ ಎಳೆತ ಶೇ. 7ರಷ್ಟು ಹೆಚ್ಚುತ್ತದೆ. ಅಷ್ಟೇ ಪ್ರಮಾಣದಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ: ಮೊದಲು ಟಾಪ್ ಗೇರಿನಲ್ಲಿ 6,000 ಆರ್‌ಪಿಎಂಗೆ ಸಿಗುತ್ತಿದ್ದ ವೇಗಕ್ಕೆ ಈಗ ಸುಮಾರು 6,430 ಬೇಕು. ಗುಡ್ಡದ ದಾರಿ, ಟ್ರಾಫಿಕ್, ಭಾರ ಹೊತ್ತು ಓಡಾಟ ಇದ್ದವರಿಗೆ ಇದು ಲಾಭವೇ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಒಂದು ಹಲ್ಲು ಹೆಚ್ಚಿಸುವುದನ್ನು ಯೋಚಿಸಬಹುದು. ಎಂಜಿನ್ ನಿರಾಳವಾಗುತ್ತದೆ, ಆದರೆ ಕ್ಲಚ್ಚಿನ ಮೇಲೆ ಕೆಲಸ ಹೆಚ್ಚುತ್ತದೆ.

ಒಂದೇ ಸಲಕ್ಕೆ ಎರಡು ಹಲ್ಲು ಕೀಳಬೇಡಿ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಹೆಚ್ಚು ಬಾಗಿ ತಿರುಗಬೇಕು, ಬೇಗ ಸವೆಯುತ್ತದೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಪಟ್ಟಿಯನ್ನೂ ಉಜ್ಜಲು ಶುರುಮಾಡುತ್ತದೆ. ದೊಡ್ಡದು ಹಾಕುವವರು ಕೇಸಿಂಗ್ ಒಳಗೆ ಜಾಗ ಇದೆಯೇ ಎಂದು ಮೊದಲೇ ನೋಡಿ. ಇನ್ನೊಂದು ವಿಷಯ: ಸ್ಪೀಡೋಮೀಟರ್‌ಗೆ ಲೆಕ್ಕ ಗೇರ್‌ಬಾಕ್ಸ್ ಕಡೆಯಿಂದ ಹೋಗುತ್ತಿದ್ದರೆ, ಮುಂದಿನ ಹಲ್ಲು ಕಡಿಮೆ ಮಾಡಿದ ಮೇಲೆ ಮೀಟರ್ ನಿಜವಾದದ್ದಕ್ಕಿಂತ ಹೆಚ್ಚು ವೇಗ, ಹೆಚ್ಚು ದೂರ ತೋರಿಸುತ್ತದೆ. ಚಕ್ರದ ಸೆನ್ಸರ್‌ನಿಂದ ಅಥವಾ ಮುಂದಿನ ಚಕ್ರದ ಕೇಬಲ್‌ನಿಂದ ಹೋಗುತ್ತಿದ್ದರೆ ಈ ತೊಂದರೆ ಇಲ್ಲ.

ಚೈನಿನ ಉದ್ದಕ್ಕೂ ಒಂದು ಲೆಕ್ಕವಿದೆ. ಒಂದು ಹಲ್ಲು ಬದಲಾದರೆ 520ರಂಥ ಚೈನಿನಲ್ಲಿ ಆಕ್ಸಲ್ (ಹಿಂದಿನ ಚಕ್ರದ ಅಚ್ಚು) ಸುಮಾರು 4 ಮಿ.ಮೀ. ಸರಿಯಬೇಕು, ಮೂರು ಹಲ್ಲಿಗೆ 12 ಮಿ.ಮೀ. ಹಿಂದೆ ಹಲ್ಲು ಹೆಚ್ಚಿಸಿದರೆ ಆಕ್ಸಲ್ ಮುಂದಕ್ಕೆ ಬರಬೇಕು. ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಎರಡು ಕೊಂಡಿ ಉದ್ದದ ಚೈನ್ ಬೇಕಾಗುತ್ತದೆ. ಚೈನಿನಲ್ಲಿ ಕೊಂಡಿಗಳು ಯಾವಾಗಲೂ ಸಮಸಂಖ್ಯೆಯಲ್ಲೇ ಇರಬೇಕು.

ಬಿಚ್ಚುವಾಗ ಕ್ರಮ ತಪ್ಪಿಸಬೇಡಿ

ಬೇಕಾಗುವ ಸಾಮಾನು: ಮುಂದಿನ ನಟ್ಟಿಗೆ ಸರಿಹೊಂದುವ ಸಾಕೆಟ್ (ದೊಡ್ಡ ನಟ್ ಇದ್ದರೆ ಹೆಚ್ಚಾಗಿ 27ರಿಂದ 32 ಮಿ.ಮೀ.), ಉದ್ದನೆಯ ಹ್ಯಾಂಡಲ್, ಟಾರ್ಕ್ ರೆಂಚ್ (ಅಳತೆ ಇಟ್ಟು ಬಿಗಿಸುವ ಸ್ಪ್ಯಾನರ್), ಚೈನ್ ಬ್ರೇಕರ್ (ಕೊಂಡಿಯ ಪಿನ್ ತಳ್ಳಿ ತೆಗೆಯುವ ಸಾಧನ), ವರ್ನಿಯರ್, ಒಂದು ಚಾಣ, ಸೀಮೆಎಣ್ಣೆ, ಬ್ರಷ್, ಬಟ್ಟೆ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿಗೆ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಮರದ ತುಂಡು ಜೋಡಿಸಿ ನಿಲ್ಲಿಸುವ ಸಾಹಸ ಬೇಡ.

ಹಳೆ ಚೈನ್ ಕಳಚುವ ಮೊದಲೇ ಬಿಗಿ ನಟ್‌ಗಳನ್ನೆಲ್ಲ ಸಡಿಲಿಸಿಕೊಳ್ಳಿ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ಚೈನ್ ತೆಗೆದುಬಿಟ್ಟರೆ ಮುಂದಿನ ಸ್ಪ್ರಾಕೆಟ್ ಹಿಡಿದು ನಿಲ್ಲಿಸಲು ಏನೂ ಉಳಿಯುವುದಿಲ್ಲ. ಕವರ್ ಬಿಚ್ಚಿ, ನಟ್ಟಿನ ಮೇಲೆ ಮಡಿಸಿರುವ ಲಾಕ್ ವಾಷರ್‌ನ ಅಂಚನ್ನು ಚಾಣದಿಂದ ಪೂರ್ತಿ ಚಪ್ಪಟೆ ಮಾಡಿ. ಅರ್ಧಂಬರ್ಧ ಬಿಟ್ಟರೆ ಸಾಕೆಟ್ ಸರಿಯಾಗಿ ಕೂರದೆ ನಟ್ಟಿನ ಮೂಲೆಗಳು ಹಾಳಾಗುತ್ತವೆ. ಚಕ್ರ ನೆಲದ ಮೇಲಿರಲಿ. ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ, ನೀವು ಉದ್ದ ಹ್ಯಾಂಡಲ್‌ನಿಂದ ಒಂದೇ ಸಮ ಎಳೆಯಿರಿ. ಅದೇ ಸ್ಥಿತಿಯಲ್ಲಿ ಹಿಂದಿನ ಸ್ಪ್ರಾಕೆಟ್‌ನ ನಟ್‌ಗಳನ್ನೂ ಕಾಲು ಸುತ್ತು ಸಡಿಲಿಸಿ. ಸಣ್ಣ ಬೈಕ್‌ಗಳಲ್ಲಿ ಮುಂದಿನದು ಒಂದು ತಗಡಿನ ಪ್ಲೇಟು ಮತ್ತು ಎರಡು ಚಿಕ್ಕ ಬೋಲ್ಟ್‌ಗಳ ಮೇಲೆ ನಿಂತಿರುತ್ತದೆ, ಅಲ್ಲಿ ಇಷ್ಟೆಲ್ಲ ಬಲ ಬೇಡ.

ಈಗ ಚೈನ್. ತುದಿಗಳನ್ನು ಜೋಡಿಸಿರುವ ಕೊಂಡಿಗೆ ಕ್ಲಿಪ್ ಇದ್ದರೆ ಪ್ಲೈಯರ್‌ನಿಂದ ಜಾರಿಸಿ ತೆಗೆಯಿರಿ. ರಿವೆಟ್ ಇದ್ದರೆ ಪಿನ್ನಿನ ಅರಳಿದ ತಲೆಯನ್ನು ಪಟ್ಟಿಯ ಮಟ್ಟಕ್ಕೆ ಉಜ್ಜಿ, ಆಮೇಲೆ ಬ್ರೇಕರ್ ಹಾಕಿ. ಉಜ್ಜದೆ ತಳ್ಳಿದರೆ ಮುರಿಯುವುದು ಬ್ರೇಕರ್‌ನ ಪಿನ್ನು. ಹಳೆ ಚೈನನ್ನು ಪೂರ್ತಿ ಎಳೆದುಬಿಡಬೇಡಿ. ಮುಂದೆ ಕೈಯಾಡಿಸಲೂ ಜಾಗವಿಲ್ಲದ ಕಡೆ ಹೊಸ ಚೈನ್ ತೂರಿಸುವುದು ಕಷ್ಟವಾದರೆ, ಹೊಸದರ ತುದಿಯನ್ನು ಹಳೆಯದಕ್ಕೆ ತಂತಿಯಿಂದ ಕಟ್ಟಿ ಎಳೆದುಕೊಳ್ಳಬಹುದು.

ಚಕ್ರ ಕಳಚುವ ಮುಂಚೆ ಎರಡೂ ಬದಿಯಿಂದ ಫೋನಿನಲ್ಲಿ ಫೋಟೊ ತೆಗೆದಿಡಿ: ಯಾವ ಬದಿಗೆ ಯಾವ ಸ್ಪೇಸರ್, ಆಕ್ಸಲ್ ಯಾವ ಕಡೆಯಿಂದ ತೂರಿದೆ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಹೋಸಿನ ಮೇಲೆ ನೇತಾಡದಂತೆ ದಾರದಿಂದ ಕಟ್ಟಿ, ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಇಡಿ. ಡಿಸ್ಕ್ ಇಲ್ಲದಾಗ ಯಾರಾದರೂ ಪೆಡಲ್ ಒತ್ತಿದರೆ ಪಿಸ್ಟನ್ ಹೊರಬರುತ್ತದೆ. ಎಬಿಎಸ್ ಸೆನ್ಸರ್ ವೈರಿನ ಮೇಲೂ ಒಂದು ಕಣ್ಣಿರಲಿ.

ಮುಂದಿನ ಸ್ಪ್ರಾಕೆಟ್‌ನ ಗೂಡಿನಲ್ಲಿ ಮರಳು ಸೇರಿದ ಗ್ರೀಸ್ ಗಟ್ಟಿ ಹೆಪ್ಪುಗಟ್ಟಿರುತ್ತದೆ. ಅದನ್ನೆಲ್ಲ ಕೆರೆದು ತೆಗೆದ ಮೇಲೆ ಶಾಫ್ಟಿನ ಸುತ್ತ ಇರುವ ಸೀಲ್ ನೋಡಿ. ಒರೆಸಿದ ಜಾಗದಲ್ಲಿ ಮತ್ತೆ ಎಣ್ಣೆ ಜಿನುಗಿದರೆ ಸೀಲ್ ಬದಲಿಸಲು ಇದೇ ಹೊತ್ತು. ಹಿಂದೆ, ಸ್ಪ್ರಾಕೆಟ್ ಕೂರುವ ಕ್ಯಾರಿಯರ್ ಎತ್ತಿ ಒಳಗಿನ, ಧಕ್ಕೆ ತಡೆಯುವ ಕುಶ್ ರಬ್ಬರ್‌ಗಳನ್ನು ಹಿಸುಕಿ ನೋಡಿ. ಬಿರುಕು ಬಿಟ್ಟಿದ್ದರೆ, ಕ್ಯಾರಿಯರ್ ಅಲ್ಲಾಡುತ್ತಿದ್ದರೆ ಹೊಸವನ್ನು ಹಾಕಿ. ಗೇರ್ ಹಾಕಿದಾಗಲೆಲ್ಲ ಹಿಂದಿನಿಂದ ಬರುವ ಧಕ್ಕೆ ಹೆಚ್ಚಾಗಿ ಇದರದ್ದೇ. ಬೇರಿಂಗ್ ಒಳಗೆ ಬೆರಳು ಇಟ್ಟು ತಿರುಗಿಸಿ, ಗರಗರ ಅನ್ನಿಸಿದರೆ ಅದೂ ಹೋಗಬೇಕು.

ಹೊಸದನ್ನು ಕೂರಿಸುವುದು

ಹಿಂದಿನ ಸ್ಪ್ರಾಕೆಟ್ ಕೂರುವ ಮುಖವನ್ನು ಒರೆಸಿ, ಸಂಖ್ಯೆ ಕೊರೆದ ಬದಿ ಸಾಮಾನ್ಯವಾಗಿ ಹೊರಕ್ಕೆ ಬರುವಂತೆ ಕೂರಿಸಿ. ನಟ್‌ಗಳನ್ನು ಒಂದರ ಪಕ್ಕದಲ್ಲಿ ಒಂದಲ್ಲ, ಎದುರುಬದುರು ಬಿಗಿಸಿ. ಮುಂದಿನದರಲ್ಲಿ ಉಬ್ಬಿದ ಮುಖ ಹಳೆಯದರ ಹಾಗೇ ಇರಲಿ. ಲಾಕ್ ವಾಷರ್ ಹೊಸದೇ ಆಗಬೇಕು. ಒಮ್ಮೆ ಮಡಿಸಿ ಬಿಡಿಸಿದ್ದು ಮತ್ತೆ ಮಡಿಸುವಾಗ ಸೀಳುತ್ತದೆ. ಈ ನಟ್ಟಿನ ಕೊನೆಯ ಬಿಗಿ ಚೈನ್ ಜೋಡಿಸಿದ ಮೇಲೆ, ಬ್ರೇಕ್ ಹಿಡಿದು, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ. ಆಮೇಲೆ ವಾಷರ್‌ನ ಅಂಚನ್ನು ನಟ್ಟಿನ ಚಪ್ಪಟೆ ಬದಿಗೆ ಒತ್ತಿ ಮಡಿಸಿ.

ಹೊಸ ಚೈನನ್ನು ಕತ್ತರಿಸಬೇಕಿದ್ದರೆ ಎರಡು ಸಲ ಎಣಿಸಿ. ಹಳೆಯದರ ಪಕ್ಕ ಇಟ್ಟು ಉದ್ದ ನೋಡಬೇಡಿ, ಹಳೆಯದು ಸವೆದು ಉದ್ದವಾಗಿದೆ. ಸಂಖ್ಯೆ ಒಂದೇ ನಂಬಿಕೆಗೆ ಅರ್ಹ.

ಜೋಡಿಸುವ ಕೊಂಡಿಯ ಜೊತೆ ನಾಲ್ಕು ಓ-ರಿಂಗ್ (ಒಳಗಿನ ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರ) ಮತ್ತು ಒಂದು ಪುಟ್ಟ ಪೊಟ್ಟಣದಲ್ಲಿ ಗ್ರೀಸ್ ಬರುತ್ತದೆ. ಪಿನ್ನಿಗೂ ರಿಂಗಿಗೂ ಗ್ರೀಸ್ ಸವರಿ, ಒಳಬದಿಯಿಂದ ಎರಡು ರಿಂಗ್ ಸಮೇತ ಪಿನ್‌ಗಳನ್ನು ತೂರಿಸಿ, ಹೊರಬದಿಯಲ್ಲಿ ಇನ್ನೆರಡು ರಿಂಗ್ ಹಾಕಿ ಪಟ್ಟಿ ಒತ್ತಿ. ಎಷ್ಟು ಒತ್ತಬೇಕು? ಪಕ್ಕದ ಕೊಂಡಿಯ ಅಗಲವನ್ನು ವರ್ನಿಯರ್‌ನಿಂದ ಅಳೆದು ಅಷ್ಟೇ ಬರುವವರೆಗೆ. ಹೆಚ್ಚು ಒತ್ತಿದರೆ ರಿಂಗ್ ಜಜ್ಜಿ ಕೊಂಡಿ ಸಲೀಸಾಗಿ ಬಾಗದೆ ಮೊಂಡಾಗುತ್ತದೆ.

ಕ್ಲಿಪ್ಪಿನ ಆಕಾರ ಮೀನಿನ ಹಾಗೆ. ಚೈನ್ ಓಡುವ ದಿಕ್ಕಿಗೆ ಮೀನಿನ ತಲೆ, ಸೀಳಿದ ಬಾಲ ಹಿಂದೆ. ಕೊಂಡಿ ಚೈನಿನ ಮೇಲ್ಭಾಗದಲ್ಲಿರುವಾಗ ತಲೆ ಎಂಜಿನ್ ಕಡೆ ನೋಡಬೇಕು. ತಿರುವುಮುರುವಾದರೆ ಏನಾದರೂ ತಗುಲಿದಾಗ ಕ್ಲಿಪ್ ಹಾರಿಹೋಗುತ್ತದೆ. ರಿವೆಟ್ ಕೊಂಡಿಯಲ್ಲಿ ಪಿನ್ನಿನ ತುದಿ ಟೊಳ್ಳಾಗಿರುತ್ತದೆ, ಅದನ್ನು ಸ್ವಲ್ಪ ಸ್ವಲ್ಪವೇ ಅರಳಿಸಿ ಪ್ರತಿ ಸಲ ಅಳೆಯಿರಿ. 520, 525 ಚೈನ್‌ಗಳಲ್ಲಿ ಹೆಚ್ಚಾಗಿ 5.5ರಿಂದ 5.8 ಮಿ.ಮೀ. ವ್ಯಾಸ ಸಾಕು, ಪೊಟ್ಟಣದ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಅರಳಿದ ಅಂಚಿನಲ್ಲಿ ಕೂದಲಷ್ಟು ಬಿರುಕು ಕಂಡರೂ ಆ ಕೊಂಡಿ ಬೇಡ, ಇನ್ನೊಂದು ಹಾಕಿ. ದೊಡ್ಡ ಎಂಜಿನ್‌ಗಳಿಗೆ ನಮ್ಮ ಆಯ್ಕೆ ರಿವೆಟ್ಟೇ.

ಸಡಿಲ ಎಷ್ಟು, ನೇರ ಹೇಗೆ

ಚೈನ್ ಬಿಗಿಯಾದಷ್ಟೂ ಒಳ್ಳೆಯದು ಎನ್ನುವ ನಂಬಿಕೆ ಬಹಳ ಬೇರಿಂಗ್‌ಗಳನ್ನು ತಿಂದಿದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಸ್ಟ್ಯಾಂಡ್ ಮೇಲೆ ಸರಿಯಾಗಿ ಕಂಡ ಚೈನ್, ಇಬ್ಬರು ಕೂತು ಗುಂಡಿಗೆ ಇಳಿದಾಗ ತಂತಿಯಂತಾಗಿ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗನ್ನೇ ಎಳೆಯುತ್ತದೆ. ತೀರಾ ಸಡಿಲವಾದರೆ ಅದು ಹಲ್ಲಿನಿಂದ ಜಿಗಿದು ಹಿಂದಿನ ಚಕ್ರವನ್ನೇ ಕಚ್ಚಿ ನಿಲ್ಲಿಸಬಹುದು. ರಸ್ತೆ ಬೈಕ್‌ಗಳಿಗೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಸಡಿಲ ಬೇಕು, ಉದ್ದ ಸಸ್ಪೆನ್ಷನ್ ಇರುವವಕ್ಕೆ ಇನ್ನೂ ಹೆಚ್ಚು. ಸೈಡ್ ಸ್ಟ್ಯಾಂಡ್ ಮೇಲೋ ಚಕ್ರ ಎತ್ತಿಯೋ ಎನ್ನುವುದನ್ನೂ ಮ್ಯಾನುಯಲ್ ಹೇಳಿರುತ್ತದೆ. ಅದರಂತೆಯೇ ಅಳೆಯದಿದ್ದರೆ ಅಂಕಿಗೆ ಅರ್ಥವಿಲ್ಲ.

ಕೆಳಗಿನ ಚೈನಿನ ನಡುಮಧ್ಯದಲ್ಲಿ ಸ್ಕೇಲ್ ಹಿಡಿದು, ಬೆರಳಿನಿಂದ ಮೇಲಕ್ಕೊತ್ತಿ, ಕೆಳಕ್ಕೊತ್ತಿ. ಎರಡರ ನಡುವಿನ ಅಂತರವೇ ಸಡಿಲ. ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗದಲ್ಲಿ ಹೊಂದಿಸಿ. ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಒಂದೇ ಅಳತೆಗೆ, ಕಾಲು ಸುತ್ತಿನಂತೆ ತಿರುಗಿಸಿ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನು ಕುರುಡಾಗಿ ನಂಬಬೇಡಿ. ಕೀಲಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಬದಿ ಅಳೆದು ಹೋಲಿಸಿ.

ಆಕ್ಸಲ್ ನಟ್ ಬಿಗಿಸುವಾಗ ಚಕ್ರ ಸ್ವಲ್ಪ ಸರಿದು ಮಾಡಿದ ಹೊಂದಾಣಿಕೆ ಕೆಡುವುದುಂಟು. ಅದಕ್ಕೆ ಉಪಾಯ: ಬಟ್ಟೆಯನ್ನು ಸುರುಳಿ ಸುತ್ತಿ, ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್‌ಗೆ ಸೇರುವ ಜಾಗದಲ್ಲಿ ಇಟ್ಟು, ಟೈರ್ ಹಿಡಿದು ಚಕ್ರವನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಬಟ್ಟೆ ಒಳಗೆ ಸಿಕ್ಕಿಕೊಂಡು ಚೈನ್ ಬಿಗಿಯಾಗಿ, ಆಕ್ಸಲ್ ಎರಡೂ ಅಡ್ಜಸ್ಟರ್‌ಗಳಿಗೆ ಒತ್ತಿಕೊಂಡು ನಿಲ್ಲುತ್ತದೆ. ಆ ಸ್ಥಿತಿಯಲ್ಲೇ ನಟ್ ಬಿಗಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಬಂದ್ ಆಗಿರಲಿ, ಕೈ ಟೈರಿನ ಮೇಲೆ ಮಾತ್ರ ಇರಲಿ. ಚೈನಿಗೂ ಹಲ್ಲಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಚೈನ್ ಒರೆಸುವಾಗಲೂ ಇದೇ ನಿಯಮ, ಎಂಜಿನ್ ಓಡಿಸಿ ಒರೆಸಲೇಬೇಡಿ. ಬಟ್ಟೆ ತೆಗೆದ ಮೇಲೆ ಸಡಿಲವನ್ನು ಮತ್ತೊಮ್ಮೆ ಅಳೆಯಿರಿ, ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಬೈಕ್ ಹತ್ತುವ ಮೊದಲು ಹಿಂದಿನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ.

ಮೊದಲ 300 ಕಿ.ಮೀ. ಆದಮೇಲೆ ಸಡಿಲವನ್ನೂ ನಟ್‌ಗಳನ್ನೂ ಮತ್ತೆ ನೋಡಿ, ಹೊಸ ಚೈನ್ ಕೂರುವಾಗ ಸ್ವಲ್ಪ ಬಿಡುತ್ತದೆ. ಆಮೇಲೆ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದಾಗಲೆಲ್ಲ, ಸೀಮೆಎಣ್ಣೆ ಮತ್ತು ಮೃದು ಬ್ರಷ್‌ನಿಂದ ತೊಳೆದು ಒರೆಸಿ, 80 ಅಥವಾ 90 ಗ್ರೇಡಿನ ಗೇರ್ ಆಯಿಲ್ ಇಲ್ಲವೇ ಓ-ರಿಂಗ್ ಚೈನಿನ ಸ್ಪ್ರೇ ಹಾಕಿ. ಪೆಟ್ರೋಲ್ ರಿಂಗ್‌ಗಳನ್ನು ಹಾಳುಮಾಡುತ್ತದೆ, ತಂತಿ ಬ್ರಷ್ ಅವನ್ನು ಹರಿಯುತ್ತದೆ. ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಎಣ್ಣೆ ಹಾಕಿದರೆ ಚೆನ್ನಾಗಿ ಇಳಿಯುತ್ತದೆ.

ಇದೆಲ್ಲ ಆದ ಮೇಲೂ ಚಕ್ರದ ಜೊತೆ ಲಯವಾಗಿ ಕಟ್ ಕಟ್ ಸದ್ದು ಬರುತ್ತಿದ್ದರೆ ಯಾವುದೋ ಕೊಂಡಿ ಮೊಂಡಾಗಿದೆ, ಮೊದಲು ನೀವು ಜೋಡಿಸಿದ ಕೊಂಡಿಯನ್ನೇ ಬೆರಳಿನಿಂದ ಬಾಗಿಸಿ ನೋಡಿ. ವೇಗ ಹೆಚ್ಚಿದಂತೆ ಕೀರಲು ಸದ್ದು ಏರುತ್ತಿದ್ದರೆ ಚೈನ್ ಬಿಗಿಯಾಗಿದೆ. ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳ ಒಂದೇ ಪಕ್ಕ ಕನ್ನಡಿಯಂತೆ ಹೊಳೆಯತೊಡಗಿದ್ದರೆ ಚಕ್ರ ಓರೆಯಾಗಿ ಕೂತಿದೆ: ಆಕ್ಸಲ್ ನಟ್ ಸಡಿಲಿಸಿ ಎರಡೂ ಬದಿಯ ಅಳತೆಯನ್ನು ಮತ್ತೆ ಮೊದಲಿನಿಂದ ತೆಗೆಯಿರಿ.