ಆನ್‌ಲೈನ್ ಪಾಠ ಮಾಡುವುದು ಹೇಗೆ? ಪ್ರಶ್ನೆ ಮೊದಲು, ವಿಡಿಯೊ ಆಮೇಲೆ

ಆನ್‌ಲೈನ್ ಪಾಠ ಮಾಡಬೇಕು ಅಂದ ಕೂಡಲೇ ತುಂಬಾ ಶಿಕ್ಷಕರು ಮೊದಲು ರಿಂಗ್ ಲೈಟ್ ತರಿಸುತ್ತಾರೆ. ಆಮೇಲೆ ನಲವತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡುತ್ತಾರೆ. ಎಲ್ಲ ಮುಗಿದ ಮೇಲೆ ಕೊನೆಗೆ ಐದು ಪ್ರಶ್ನೆ ಸೇರಿಸುತ್ತಾರೆ. ಮಕ್ಕಳು ವಿಡಿಯೊ ಓಡಿಸಿ, ಪ್ರಶ್ನೆಗೆ ಏನೋ ಒಂದು ಒತ್ತಿ ಎದ್ದು ಹೋಗುತ್ತಾರೆ. ಶಿಕ್ಷಕರ ಶ್ರಮದಲ್ಲಿ ಕೊರತೆ ಇರುವುದಿಲ್ಲ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ.

ಹತ್ತನೇ ತರಗತಿ ವಿಜ್ಞಾನದ ವಿದ್ಯುತ್ ಪಾಠವನ್ನೇ ಇಟ್ಟುಕೊಂಡು ಸರಿಯಾದ ಕ್ರಮ ನೋಡೋಣ.

ಒಂದು ಸಾಲು ಬರೆಯಿರಿ

ಪಾಠ ಮುಗಿದಾಗ ಮಗುವಿಗೆ ಏನು ಮಾಡಲು ಬರಬೇಕು? 'ವಿದ್ಯುತ್ ಪ್ರವಾಹ ಅರ್ಥವಾಗಬೇಕು' ಎಂದು ಬರೆದರೆ ಆಗದು. 'ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಎರಡು ಬಲ್ಬ್ ಇರುವ ವಿದ್ಯುತ್ ಮಂಡಲದಲ್ಲಿ ಎಲ್ಲಿ ಎಷ್ಟು ಪ್ರವಾಹ ಇದೆ ಎಂದು ಹೇಳಲು ಬರಬೇಕು' ಎಂದು ಬರೆಯಿರಿ. ಒಂದು ಪಾಠಕ್ಕೆ ಇಂಥ ಒಂದೇ ಸಾಲು ಸಾಕು.

ಪ್ರಶ್ನೆ ಬರೆಯುವುದು

ಹೆಚ್ಚಿನ ಪಾಠಗಳು ಕೆಡುವುದು ಇಲ್ಲಿ. ಹಾಗಾಗಿ ನಿಮ್ಮ ಸಮಯದ ಅರ್ಧ ಇದಕ್ಕೇ ಇಡಿ.

'ಪ್ರವಾಹದ ಏಕಮಾನ ಯಾವುದು?' ಎಂಬ ಪ್ರಶ್ನೆಯಿಂದ ನಿಮಗೆ ಹೊಸದೇನೂ ಗೊತ್ತಾಗುವುದಿಲ್ಲ. ಮಗುವಿನ ತಲೆಯಲ್ಲಿ ಏನಿದೆ ಎಂದು ಹೊರಗೆ ತರುವ ಪ್ರಶ್ನೆ ಬೇಕು. ವಿದ್ಯುತ್ ವಿಷಯದಲ್ಲಿ ಮಕ್ಕಳಿಗೆ ಬಲವಾಗಿ ಕೂತಿರುವ ಒಂದು ತಪ್ಪು ಕಲ್ಪನೆ ಇದೆ: ಬಲ್ಬು ಪ್ರವಾಹವನ್ನು ತಿಂದು ಖಾಲಿ ಮಾಡುತ್ತದೆ ಅನ್ನುವುದು. ಅದನ್ನೇ ಹಿಡಿಯಿರಿ.

ಒಂದೇ ಥರದ ಎರಡು ಬಲ್ಬ್ ಸರಣಿಯಲ್ಲಿವೆ. ಮೊದಲ ಬಲ್ಬಿಗಿಂತ ಮುಂಚೆ ಇರುವ ಅಮ್ಮೀಟರ್ 0.4 ಆಂಪಿಯರ್ ತೋರಿಸುತ್ತಿದೆ. ಎರಡೂ ಬಲ್ಬ್ ದಾಟಿದ ಮೇಲೆ ಇರುವ ಅಮ್ಮೀಟರ್ ಎಷ್ಟು ತೋರಿಸುತ್ತದೆ? ಆಯ್ಕೆಗಳು: ಸೊನ್ನೆ, 0.4ಕ್ಕಿಂತ ಕಡಿಮೆ ಆದರೆ ಸೊನ್ನೆಯಲ್ಲ, 0.4.

ಸೊನ್ನೆ ಆರಿಸಿದ ಮಗು ಪ್ರವಾಹ ಪೂರ್ತಿ ಖರ್ಚಾಯಿತು ಅಂದುಕೊಂಡಿದೆ. ಎರಡನೆಯದನ್ನು ಆರಿಸಿದ ಮಗು ಸ್ವಲ್ಪ ಖರ್ಚಾಯಿತು ಅಂದುಕೊಂಡಿದೆ. ತಪ್ಪು ಉತ್ತರ ನೋಡಿದರೆ ಸಾಕು, ಮಗು ಏನು ಯೋಚಿಸಿತು ಎಂದು ನಿಮಗೆ ತಿಳಿಯುತ್ತದೆ. ನಾಲ್ಕನೇ ಆಯ್ಕೆ ಬೇಕೇ ಬೇಕು ಎಂದು ಸುಮ್ನೆ ಒಂದು ಸಂಖ್ಯೆ ತುಂಬಬೇಡಿ. ಬಹು ಆಯ್ಕೆ ಪ್ರಶ್ನೆಗಳ ಬಗ್ಗೆ 80 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಮೈಕಲ್ ರಾಡ್ರಿಗಸ್ 2005ರಲ್ಲಿ ಹೇಳಿದ್ದೂ ಇದನ್ನೇ, ಮೂರು ಆಯ್ಕೆ ಸಾಕು. 'ಮೇಲಿನ ಎಲ್ಲವೂ' ಅನ್ನುವ ಆಯ್ಕೆಯನ್ನು ಮರೆತುಬಿಡಿ.

ಈಗ ಪ್ರತಿ ತಪ್ಪಿಗೂ ಬೇರೆ ಬೇರೆ ಉತ್ತರ ಬರೆಯಿರಿ. 'ತಪ್ಪು, ಮತ್ತೆ ಪ್ರಯತ್ನಿಸಿ' ಎಂದಷ್ಟೇ ಹೇಳಿದರೆ ಮಗು ಮುಂದಿನ ಗುಂಡಿ ಒತ್ತುತ್ತದೆ, ಅಷ್ಟೇ. ಸೊನ್ನೆ ಎಂದವರಿಗೆ, 'ತಂತಿಯಲ್ಲಿ ಒಂದು ಕಡೆ ಪ್ರವಾಹ ಸೊನ್ನೆಯಾದರೆ ಎರಡೂ ಬಲ್ಬ್ ಉರಿಯುತ್ತಿರುವುದು ಹೇಗೆ?' ಎಂದು ಕೇಳಿ. ಕಡಿಮೆ ಎಂದವರಿಗೆ ಸೈಕಲ್ ಚೈನ್ ನೆನಪಿಸಿ: ಚೈನ್ ಚಕ್ರ ತಿರುಗಿಸುತ್ತದೆ, ಆದರೆ ಅದರ ಕೊಂಡಿಗಳು ದಾರಿಯಲ್ಲಿ ಕಳೆದುಹೋಗುವುದಿಲ್ಲ. ಬಲ್ಬಿನಲ್ಲಿ ಬೆಳಕು, ಶಾಖವಾಗಿ ಬದಲಾಗುವುದು ಶಕ್ತಿ. ತಂತಿಯಲ್ಲಿ ಹರಿಯುವ ವಿದ್ಯುದಾವೇಶ (ಚಾರ್ಜ್) ಹಾಗೇ ಮುಂದೆ ಸಾಗುತ್ತದೆ. ಆಮೇಲೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿರುವ ಮಂಡಲ ಜೋಡಿಸುವ ಸಿಮ್ಯುಲೇಶನ್‌ಗೆ ಲಿಂಕ್ ಕೊಡಿ. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಮಗು ತಾನೇ ಎರಡು ಕಡೆ ಅಮ್ಮೀಟರ್ ಇಟ್ಟು ನೋಡಲಿ.

ಇದಕ್ಕೆಲ್ಲ ಗೂಗಲ್ ಫಾರ್ಮ್ಸ್ ಸಾಕು. ಪ್ರತಿ ತಪ್ಪು ಉತ್ತರಕ್ಕೂ ಒಂದೊಂದು ಸೆಕ್ಷನ್ ಮಾಡಿ. ಪ್ರಶ್ನೆಯ ಮೂರು ಚುಕ್ಕಿ ಒತ್ತಿ 'ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್' ಆರಿಸಿ. ಎರಡು ಕಡೆ ಜನ ಎಡವುತ್ತಾರೆ. ಪ್ರಶ್ನೆಯನ್ನು 'ರಿಕ್ವೈರ್ಡ್' ಮಾಡದಿದ್ದರೆ ಉತ್ತರಿಸದವರೂ ಮುಂದೆ ಹೋಗುತ್ತಾರೆ. ಇನ್ನು ಪ್ರತಿ ಸೆಕ್ಷನ್‌ನ ಕೊನೆಯಲ್ಲಿ 'ಮುಂದೆ ಎಲ್ಲಿಗೆ' ಎಂದು ನೀವೇ ಆರಿಸಬೇಕು. ಇಲ್ಲದಿದ್ದರೆ ಸೊನ್ನೆ ಎಂದ ಮಗು 'ಕಡಿಮೆ ಎಂದವರಿಗೆ' ಬರೆದ ಉತ್ತರವನ್ನೂ ಓದಿ ಗೊಂದಲಕ್ಕೆ ಬೀಳುತ್ತದೆ. ಎಲ್ಲರೂ ಬಂದು ಸೇರುವ ಸೆಕ್ಷನ್ ಒಂದಿರಲಿ. ಅದರ ಮೊದಲ ಸಾಲಿನಲ್ಲಿ 0.4 ಯಾಕೆ ಸರಿ ಎಂದು ಬರೆಯಿರಿ. ಸರಿ ಉತ್ತರ ಕೊಟ್ಟವರಲ್ಲೂ ಊಹಿಸಿದವರು ಇರುತ್ತಾರೆ, ಅಲ್ವಾ?

ಟೈಮರ್, ಲೀಡರ್‌ಬೋರ್ಡ್ ಇರುವ ಕ್ವಿಜ್ ಆ್ಯಪ್‌ಗಳು ಇದಕ್ಕೆ ಬೇಡ. ಯೋಚಿಸಬೇಕಾದ ಮಗು ಅಲ್ಲಿ ಗಡಿಯಾರ ನೋಡುತ್ತಾ ಕೂರುತ್ತದೆ. ನಿಧಾನವಾಗಿ ಯೋಚಿಸುವ ಮಕ್ಕಳು ಬೇಗ ಕೈಬಿಡುತ್ತಾರೆ.

ವಿಡಿಯೊ

ಮೊದಲು ಪಠ್ಯಪುಸ್ತಕದಲ್ಲಿರುವ ದೀಕ್ಷಾ (ಸರ್ಕಾರದ ಕಲಿಕಾ ತಾಣ) ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಅಲ್ಲಿ ಒಳ್ಳೆಯ ವಿಡಿಯೊ ಇದ್ದರೆ ಅದನ್ನೇ ಬಳಸಿ, ನೀವು ಪ್ರಶ್ನೆ ಮಾತ್ರ ಬರೆಯಿರಿ. ಇದು ಒಳ್ಳೆಯ ಅಡ್ಡದಾರಿ, ಸಂಕೋಚ ಬೇಡ.

ನೀವೇ ಮಾಡುವುದಾದರೆ ಆರು ನಿಮಿಷ ದಾಟಬೇಡಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳಲ್ಲಿ 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು ಫಿಲಿಪ್ ಗುವೊ ಮತ್ತು ಸಂಗಡಿಗರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯವಾಗಿ ಜನ ನೋಡುತ್ತಿದ್ದುದು ಹೆಚ್ಚೆಂದರೆ ಆರು ನಿಮಿಷ. ಸ್ಲೈಡ್ ತೋರಿಸುವುದಕ್ಕಿಂತ ಕೈಯಲ್ಲಿ ಬರೆಯುತ್ತಾ ವಿವರಿಸಿದ ವಿಡಿಯೊಗಳನ್ನು ಜನ ಜಾಸ್ತಿ ಹೊತ್ತು ನೋಡಿದ್ದರು. ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್ನು, ಮೇಲಿಂದ ಹಿಡಿದ ಫೋನು, ಇಷ್ಟೇ ಸಾಮಾನು. ಪರದೆಯ ಮೇಲಿನ ಸಾಲನ್ನೇ ಗಟ್ಟಿಯಾಗಿ ಓದಬೇಡಿ. ಮಗು ಓದಲೂ ಆಗದೆ, ಕೇಳಲೂ ಆಗದೆ ಒದ್ದಾಡುತ್ತದೆ.

ಖರ್ಚು ಮಾಡುವುದಿದ್ದರೆ ಕಾಲರ್ ಮೈಕ್‌ಗೆ ಮಾಡಿ. ಚಿತ್ರ ಮಸುಕಾದರೂ ಪಾಠ ನಡೆಯುತ್ತದೆ, ಮಾತು ಕೇಳದಿದ್ದರೆ ನಡೆಯುವುದಿಲ್ಲ. ಕಂಪ್ಯೂಟರ್ ದನಿಯಲ್ಲಿ ಕನ್ನಡ ಓದಿಸುವುದು ಮಾತ್ರ ಬೇಡವೇ ಬೇಡ. ಮಕ್ಕಳಿಗೆ ತಮ್ಮ ಮೇಷ್ಟ್ರ ದನಿ ಬೇಕು.

ಯೂಟ್ಯೂಬ್‌ಗೆ 'ಅನ್‌ಲಿಸ್ಟೆಡ್' ಆಗಿ (ಲಿಂಕ್ ಇದ್ದವರಿಗೆ ಮಾತ್ರ ಸಿಗುವಂತೆ) ಹಾಕಿ, ಫಾರ್ಮ್‌ಗೆ ಸೇರಿಸಿ. ಕಳಿಸುವ ಮುಂಚೆ ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ, ವೈಫೈ ಆಫ್ ಮಾಡಿ, ಪೂರ್ತಿ ಓಡಿಸಿ ನೋಡಿ.

ಎರಡು ದಿನದ ನಂತರ

ಪಾಠ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರ ಪ್ರಯೋಗದಲ್ಲಿ ಕೆಲವರಿಗೆ ಪಾಠ ಮತ್ತೆ ಓದಿಸಿದರು, ಕೆಲವರಿಗೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಓದಿದವರು ಮುಂದಿದ್ದರು. ಎರಡು ದಿನ, ಒಂದು ವಾರ ಕಳೆದಾಗ ನೆನಪಿನಿಂದ ಬರೆದವರೇ ಮುಂದೆ. ಹಾಗಾಗಿ ಎರಡು ದಿನ ಬಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಮೂರು ಪ್ರಶ್ನೆಗಳ ಇನ್ನೊಂದು ಫಾರ್ಮ್ ಕಳಿಸಿ. ಒಂದು ವಾರಕ್ಕೆ ಮತ್ತೆ ಮೂರು. ಸಂಖ್ಯೆ ಬದಲಿಸಿ, ಬಲ್ಬು ಮೂರಾಗಲಿ, ಹಿಂದಿನ ಪಾಠದ ಒಂದು ಪ್ರಶ್ನೆಯೂ ಇರಲಿ.

ಉತ್ತರಗಳ ಶೀಟ್‌ನಲ್ಲಿ ಒಟ್ಟು ಅಂಕ ನೋಡಿ ನಿಲ್ಲಿಸಬೇಡಿ. ಯಾರು ಯಾವ ತಪ್ಪು ಆಯ್ಕೆ ಒತ್ತಿದರು ಎಂದು ನೋಡಿ. ಎರಡನೇ ಸಲವೂ 'ಕಡಿಮೆ' ಎಂದವರು ಇದ್ದರೆ ಅವರಲ್ಲಿ ಒಂದಿಬ್ಬರಿಗೆ ಫೋನ್ ಮಾಡಿ, 'ಯಾಕೆ ಹಾಗನ್ನಿಸಿತು ಮರಿ?' ಎಂದು ಕೇಳಿ. ಅವರು ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ. ಮುಂದಿನ ಪಾಠಕ್ಕೆ ತಪ್ಪು ಆಯ್ಕೆಗಳನ್ನು ಆ ಮಾತಿನಿಂದಲೇ ಮಾಡಿ.