ನಿಂತಲ್ಲೇ ಸೈಕಲ್: ಒಂದು ನಿಮಿಷ ಜೋರು, ಒಂದು ನಿಮಿಷ ಆರಾಮ

ಎರಡು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ಹೇಳುವ ಪರೀಕ್ಷೆ, 6.1 ಬಂತು. 5.7 ದಾಟಿದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಗೇ ಕಾಲಿಟ್ಟ ಹಾಗೆ. ಆಗ ನನಗೆ 46. ಹನುಮಂತನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವುದರಲ್ಲೇ ದಿನ ಕರಗುತ್ತಿತ್ತು. ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್ ಅಂತ ಹೊರಟೆ, ಮಳೆ ಹಿಡಿದ ವಾರವೇ ನಿಂತಿತು. ಕೊನೆಗೆ ಬನಶಂಕರಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರ ಎಕ್ಸರ್‌ಸೈಜ್ ಬೈಕನ್ನು ಅರ್ಧ ಬೆಲೆಗೆ ತಂದೆ. ಮುಂದಿನ ಕಬ್ಬಿಣದ ಚಕ್ರ ಎಷ್ಟು ಭಾರ ಅಂದರೆ ಎರಡನೇ ಮಹಡಿಗೆ ಹತ್ತಿಸಲು ಮೂರು ಜನ ಬೇಕಾಯಿತು.

ಮೊದಲು ಮಾಡಿದ್ದು ದಡ್ಡತನ. ನಾಲ್ಕೇ ನಿಮಿಷದಲ್ಲಿ ವ್ಯಾಯಾಮ ಮುಗಿಯುತ್ತದೆ ಅಂತ ಟಬಾಟಾ ಹಿಡಿದುಕೊಂಡೆ: 20 ಸೆಕೆಂಡ್ ಪ್ರಾಣ ಬಿಟ್ಟು ತುಳಿ, 10 ಸೆಕೆಂಡ್ ಬಿಡು, ಹೀಗೆ ಏಳೆಂಟು ಸಲ. ಐದನೇ ಸಲಕ್ಕೆ ಕಣ್ಣು ಕತ್ತಲಾಯಿತು, ಇಳಿದು ನೇರ ಬಚ್ಚಲಿಗೆ ಓಡಿದೆ. ಜಪಾನಿನ ಇಜುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ತುಳಿದವರು ಕ್ರೀಡೆಯಲ್ಲಿ ಪಳಗಿದ ಹುಡುಗರು ಅನ್ನುವುದು ಆಮೇಲೆ ತಿಳಿಯಿತು. ಹತ್ತು ವರ್ಷ ಕುರ್ಚಿಯಲ್ಲಿ ಕೂತ ದೇಹಕ್ಕೆ ಅದು ಮೊದಲ ಪಾಠವಲ್ಲ. ಡಾಕ್ಟರ ಹತ್ತಿರ ಹೋಗಿ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿಕೊಂಡದ್ದೂ ಆಮೇಲೆಯೇ. ನನ್ನ ವಯಸ್ಸಿನವರು ಈ ಎರಡನ್ನೂ ಹಿಂದುಮುಂದು ಮಾಡಬೇಡಿ.

ಈಗ ಮಾಡುವುದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ತಂಡದ ಲೆಕ್ಕ. ಒಂದು ನಿಮಿಷ ಜೋರು, ಒಂದು ನಿಮಿಷ ಆರಾಮ, ಹತ್ತು ಸುತ್ತು. 2011ರಲ್ಲಿ ಅವರು ಇದನ್ನು ಸಕ್ಕರೆ ಕಾಯಿಲೆ ಇದ್ದವರಿಂದಲೇ ಎರಡು ವಾರದಲ್ಲಿ ಆರು ಸಲ ಮಾಡಿಸಿ, ರಕ್ತದ ಸಕ್ಕರೆ ಇಳಿದದ್ದನ್ನು ತೋರಿಸಿದ್ದರು. ಎಂಟೇ ಜನರ ಮೇಲಿನ ಪರೀಕ್ಷೆ, ನಿಜ. ಆದರೆ ಆ ಎಂಟು ಜನ ಜಪಾನಿನ ಹುಡುಗರಿಗಿಂತ ನನಗೆ ಹತ್ತಿರದವರು.

ಶುರು ಮಾಡಿದ ಎರಡನೇ ವಾರ ಮಂಡಿಯ ಮುಂಭಾಗ ನೋಯತೊಡಗಿತು. ಫಿಸಿಯೋಥೆರಪಿಸ್ಟ್ ಒಬ್ಬರು ಮಂಡಿ ಮುಟ್ಟುವುದಕ್ಕೂ ಮೊದಲು ‘ಸೀಟು ಎಷ್ಟು ಎತ್ತರ ಇದೆ?’ ಅಂದರು. ಕಾಲು ನೆಲಕ್ಕೆ ಎಟುಕಲಿ ಅಂತ ನಾನು ತೀರಾ ಇಳಿಸಿಟ್ಟಿದ್ದೆ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಊರಿದರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತಾನೇ ಚೂರು ಬಗ್ಗಿರುತ್ತದೆ. ಮೂರು ತೂತು ಮೇಲಕ್ಕೆ ಏರಿಸಿದೆ, ಹತ್ತು ದಿನದಲ್ಲಿ ನೋವು ಹೋಯಿತು.

ಇನ್ನೊಂದು ತಪ್ಪು ಹಿಡಿದದ್ದು ಅಮ್ಮ. ಅವಳು ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ‘ಏನೋ ಅದು, ಜೋರಿಗೂ ಆರಾಮಿಗೂ ವ್ಯತ್ಯಾಸವೇ ಕಾಣಲ್ವಲ್ಲೋ!’ ಅಂದಳು. ಸರಿಯಾಗೇ ಹೇಳಿದ್ದಳು. ಜೋರಿನ ನಿಮಿಷದಲ್ಲಿ ನಾನು ಚಕ್ರಕ್ಕೆ ತಡೆ ಕೊಡುವ ನಾಬ್ ಬಿಗಿ ಮಾಡದೆ ಬರೀ ಕಾಲು ಬೀಸುತ್ತಿದ್ದೆ. ಚಕ್ರ ತನ್ನ ವೇಗಕ್ಕೇ ತಿರುಗುತ್ತಿತ್ತು, ನಾನು ಸೀಟಿನ ಮೇಲೆ ಕುಪ್ಪಳಿಸುತ್ತಿದ್ದೆ. ಆರಾಮಿನ ನಿಮಿಷದಲ್ಲಿ ‘ಸೋಮಾರಿ ಆಗಬಾರದು’ ಅಂತ ಅದೇ ಓಟ. ಹಾಗಾಗಿ ಇಪ್ಪತ್ತು ನಿಮಿಷವೂ ಅತ್ತ ಜೋರಲ್ಲ, ಇತ್ತ ಆರಾಮಲ್ಲ.

ಈಗ ಐದಾರು ನಿಮಿಷ ಸಡಿಲವಾಗಿ ತುಳಿದು ಮೈ ಬಿಸಿ ಮಾಡಿಕೊಳ್ಳುತ್ತೇನೆ. ಆಮೇಲೆ ನಾಬನ್ನು ಒಂದೂವರೆ ಸುತ್ತು ಬಿಗಿದು, ನಿಮಿಷಕ್ಕೆ 85ರ ಆಸುಪಾಸಿನಲ್ಲಿ ಪೆಡಲ್ ತಿರುಗಿಸುತ್ತೇನೆ. ಕೆಸರಿನಲ್ಲಿ ತುಳಿದ ಹಾಗೆ ಅನ್ನಿಸಬೇಕು. ಮೊದಲ ಮೂವತ್ತು ಸೆಕೆಂಡ್ ಏನೂ ಇಲ್ಲ. ನಲವತ್ತಕ್ಕೆ ತೊಡೆ ಉರಿ ಹತ್ತುತ್ತದೆ, ಐವತ್ತಕ್ಕೆ ಬಾಯಲ್ಲಿ ಎರಡು ಪದಕ್ಕಿಂತ ಹೊರಡುವುದಿಲ್ಲ. ಟೈಮರ್ ಕೂಗಿದ ಕೂಡಲೇ ನಾಬ್ ಪೂರ್ತಿ ಸಡಿಲ, 60ಕ್ಕೆ ಇಳಿದು, ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಡುವುದು. ನನ್ನ ಬೈಕಿನಲ್ಲಿ ಚಕ್ರದ ಜೊತೆ ಪೆಡಲೂ ಸುತ್ತುತ್ತದೆ, ತಟಕ್ಕನೆ ಕಾಲು ನಿಲ್ಲಿಸಿದರೆ ಮಂಡಿಗೆ ಜಗ್ಗುತ್ತದೆ. ಈ ಆರಾಮಿನ ನಿಮಿಷವನ್ನು ನಾಚಿಕೆ ಬಿಟ್ಟು ಆರಾಮಾಗಿ ಕಳೆದರೆ ಮಾತ್ರ ಎಂಟನೇ ಸುತ್ತಿನಲ್ಲೂ ಮೊದಲನೆಯದರ ಬಿಗಿ ತಡೆದುಕೊಳ್ಳಬಹುದು. ನನಗೆ ಇದು ಮೈಗೆ ಹತ್ತಲು ಎರಡು ತಿಂಗಳು ಹಿಡಿಯಿತು.

ಎದೆಬಡಿತ ನೋಡುವವರಿಗೆ ಒಂದು ಮಾತು. 220ರಲ್ಲಿ ವಯಸ್ಸು ಕಳೆದರೆ ನನಗೆ ಈಗ ಗರಿಷ್ಠ 172, ಜೋರಿನ ನಿಮಿಷದ ಗುರಿ ಅದರ ನೂರಕ್ಕೆ ತೊಂಬತ್ತು ಅಂದರೆ 155. ಅದು ಅಂದಾಜು ಮಾತ್ರ. ಮೊದಲ ಮೂರು ಸುತ್ತಿನಲ್ಲಿ ನನ್ನ ಬಡಿತ ಅಲ್ಲಿಗೆ ಏರುವುದೇ ಇಲ್ಲ, ಕೈಗಡಿಯಾರವಂತೂ ಇನ್ನೂ ಹಿಂದೆ. ಅಂಕಿ ಬರಲಿಲ್ಲ ಅಂತ ಇನ್ನಷ್ಟು ಬಿಗಿದರೆ ಆರನೇ ಸುತ್ತಿಗೆ ಕಥೆ ಮುಗಿಯಿತು. ಬೈಕಿನ ಪರದೆ ತೋರಿಸುವ ಕ್ಯಾಲೊರಿಯನ್ನಂತೂ ನಂಬಿ ಎರಡು ಮಸಾಲೆ ದೋಸೆ ತಿನ್ನಬೇಡಿ.

ಫ್ಯಾನ್ ಬೇಕೇಬೇಕು. ಡಿಸೆಂಬರಿನ ಬೆಂಗಳೂರಿನ ಚಳಿಯಲ್ಲೂ ಬೆಳಗ್ಗೆ ಆರಕ್ಕೆ ಮೈಯಿಂದ ನೀರು ಇಳಿಯುತ್ತದೆ, ನಿಂತ ಸೈಕಲ್ಲಿಗೆ ಎದುರು ಗಾಳಿ ಎಲ್ಲಿಂದ ಬರಬೇಕು? ಕೆಳಗಿನ ಮನೆಯವರು ಸದ್ದಿಗೆ ಬೇಜಾರು ಮಾಡಿಕೊಂಡ ಮೇಲೆ ದಪ್ಪ ರಬ್ಬರ್ ಹಾಸು ಹಾಕಿದೆ. ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಡುವು. ಆರು ತಿಂಗಳ ಮೇಲೆ ಎಚ್‌ಬಿಎ1ಸಿ 5.8ಕ್ಕೆ ಇಳಿದಿತ್ತು. ರಾತ್ರಿಯ ಅನ್ನವನ್ನೂ ಅರ್ಧ ಮಾಡಿದ್ದೆನಲ್ಲ, ಹಾಗಾಗಿ ಪೂರ್ತಿ ಶ್ರೇಯ ಸೈಕಲ್ಲಿಗೆ ಕೊಡಲಾರೆ.

ಏಳನೇ ಸುತ್ತಿನ ಹೊತ್ತಿಗೆ ಲೆಕ್ಕ ತಪ್ಪುವುದು ಮಾತ್ರ ಇವತ್ತಿಗೂ ಹೋಗಿಲ್ಲ. ಅದಕ್ಕೆ ಹ್ಯಾಂಡಲ್ ಪಕ್ಕದ ಸ್ಟೂಲಿನ ಮೇಲೆ ಹತ್ತು ಅವರೆಕಾಳು ಜೋಡಿಸಿ, ಸುತ್ತಿಗೊಂದರಂತೆ ಬಟ್ಟಲಿಗೆ ಹಾಕುತ್ತೇನೆ. ಹೋದ ಸಂಕ್ರಾಂತಿ ಮುಂಚೆ ಒಂದು ದಿನ ಯಾಕೋ ಸುತ್ತು ಮುಗಿಯುತ್ತಲೇ ಇಲ್ಲ ಅನ್ನಿಸಿತು. ಇಳಿದು ಬಟ್ಟಲು ಎಣಿಸಿದರೆ ಹನ್ನೆರಡು ಕಾಳು. ಅಮ್ಮ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದಳು.