ವಿದೇಶಿ ಅನುದಾನ ನಿಂತರೆ ನಿಮ್ಮ ಸಂಸ್ಥೆ ಎಷ್ಟು ತಿಂಗಳು ನಡೆದೀತು?

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಜುಲೈ 1ರ ಹೊತ್ತಿಗೆ ಆ ಸರ್ಕಾರದ ನೆರವು ಸಂಸ್ಥೆಯಾದ ಯುಎಸ್‌ಏಡ್ ಮೂಲಕ ನೆರವು ಹಂಚುವುದೇ ನಿಂತಿತು. ಬ್ರಿಟನ್ ಕೂಡ 2027ರೊಳಗೆ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಇಂಥ ಸುದ್ದಿ ಬಂದೊಡನೆ ಸ್ವಯಂಸೇವಾ ಸಂಸ್ಥೆಗಳು ಹೊಸ ದಾನಿಗಳ ಬೆನ್ನು ಹತ್ತುತ್ತವೆ. ಅದಕ್ಕೂ ಮೊದಲು ಆಗಬೇಕಾದ ಲೆಕ್ಕ ಬೇರೆಯೇ ಇದೆ.

ಬ್ಯಾಂಕಿನಲ್ಲಿ 60 ಲಕ್ಷ ಇದೆ ಎನ್ನೋಣ. ಅದರಲ್ಲಿ 42 ಲಕ್ಷ ಪ್ರಾಜೆಕ್ಟ್‌ಗಳಿಗೆಂದೇ ಬಂದದ್ದು. ಅದನ್ನು ಬೇರೆಡೆ ಬಳಸುವಂತಿಲ್ಲ. ಉಳಿದ 18 ಲಕ್ಷದಲ್ಲಿ ಬಾಕಿ ಬಿಲ್ಲು, ಸಿಬ್ಬಂದಿಗೆ ಕೊಡಬೇಕಾದ್ದು ಸೇರಿ 6 ಲಕ್ಷ ಕಳೆಯಿರಿ. ನಿಜವಾಗಿ ಕೈಯಲ್ಲಿರುವ ಮೀಸಲು 12 ಲಕ್ಷ. ಪ್ರಾಜೆಕ್ಟ್ ಇರಲಿ ಬಿಡಲಿ ತಪ್ಪದ ಖರ್ಚು ತಿಂಗಳಿಗೆ 4 ಲಕ್ಷವಾದರೆ ಸಂಸ್ಥೆಯ ಉಸಿರು ಮೂರು ತಿಂಗಳು. ಕಟ್ಟಡ, ವಾಹನಗಳ ಬೆಲೆಯನ್ನು ಇದಕ್ಕೆ ಸೇರಿಸಬೇಡಿ. ಅವುಗಳಿಂದ ಸಂಬಳ ಕೊಡಲಾಗದು.

ಎರಡನೆಯದು ಮುಂದಿನ 13 ವಾರಗಳ ನಗದು ಪಟ್ಟಿ. ವಾರವಾರದ ಖರ್ಚಿನ ಎದುರು ಬರುವ ಹಣವನ್ನು ಮೂರು ಕಾಲಂಗಳಲ್ಲಿ ಬರೆಯಿರಿ: ಸಹಿಯಾದದ್ದು, ಮಾತಾಗಿರುವುದು, ಬರೀ ಆಸೆ. ಸಂಬಳದ ನಿರ್ಧಾರಕ್ಕೆ ಮೊದಲ ಕಾಲಂ ಮಾತ್ರ ಆಧಾರ. ಮೊದಲು ಖರ್ಚು ಮಾಡಿ ಆಮೇಲೆ ಪಡೆಯುವ ಅನುದಾನಗಳಲ್ಲಿ ಹಣ ತಿಂಗಳುಗಟ್ಟಲೆ ತಡವಾಗುವುದುಂಟು. ಆ ಕಂದಕವನ್ನು ಇನ್ನೊಂದು ಪ್ರಾಜೆಕ್ಟ್‌ನ ಹಣದಿಂದ ತುಂಬಿದರೆ ಅದು ಕರಾರು ಉಲ್ಲಂಘನೆ. ಎಷ್ಟೋ ಒಳ್ಳೆಯ ಸಂಸ್ಥೆಗಳು ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ, ಕಳ್ಳತನದಿಂದಲ್ಲ.

ಇನ್ನು ಹೆಚ್ಚಿನವರು ಮಾಡದ ಲೆಕ್ಕ. ಎಲ್ಲ ಪ್ರಾಜೆಕ್ಟ್‌ಗಳ ನೇರ ಖರ್ಚು 200 ಲಕ್ಷ. ಬಾಡಿಗೆ, ಲೆಕ್ಕಪತ್ರ, ಆಡಿಟ್, ನಿರ್ದೇಶಕರ ಸಂಬಳದಂಥ ಹಂಚಿಕೆಯ ಖರ್ಚು 40 ಲಕ್ಷ ಎಂದರೆ ನೇರ ಖರ್ಚಿನ ಮೇಲೆ ಅದರ ದರ ಶೇ. 20. ನೇರ ಖರ್ಚು 50 ಲಕ್ಷವಿರುವ ಹೊಸ ಪ್ರಾಜೆಕ್ಟ್ 10 ಲಕ್ಷದ ಭಾರ ಹೊರಬೇಕು; ದಾನಿ ಶೇ. 10 ಮಾತ್ರ ಕೊಟ್ಟರೆ 5 ಲಕ್ಷ ಕೊರತೆ. ಅನುದಾನ ಸಿಕ್ಕಿದ ಸಂಭ್ರಮದಲ್ಲೇ ಮೀಸಲು ಕರಗುತ್ತದೆ. ಅಮೆರಿಕದ ಸರ್ಕಾರವೇ 2024ರ ಅಕ್ಟೋಬರ್‌ನಿಂದ, ತನ್ನೊಂದಿಗೆ ಮಾತುಕತೆಯಿಂದ ನಿಗದಿಯಾದ ದರವಿಲ್ಲದ ಸಂಸ್ಥೆಗಳಿಗೆ ಈ ಹಂಚಿಕೆಯ ಖರ್ಚಿನ ಮಿತಿಯನ್ನು ಶೇ. 10ರಿಂದ 15ಕ್ಕೆ ಏರಿಸಿತ್ತು. ಆದ್ದರಿಂದ ಕೇಳಲು ನಾಚಬೇಕಿಲ್ಲ. ಬಾಡಿಗೆ, ಲೆಕ್ಕಿಗರ ಸಮಯ ಇವನ್ನು ಬಳಕೆಯ ಪ್ರಮಾಣದಲ್ಲಿ ನೇರ ಖರ್ಚಿನ ಸಾಲುಗಳಾಗಿ ಬಜೆಟ್‌ನಲ್ಲೇ ತೋರಿಸಿದರೆ ಒಪ್ಪಿಗೆ ಸುಲಭ. ಒಂದೇ ಖರ್ಚು ಎರಡು ಕಡೆ ಬರದಂತೆ ನೋಡಿಕೊಳ್ಳಿ.

ಸ್ಥಳೀಯವಾಗಿ ಹಣ ಎತ್ತುವುದಾದರೆ ಒಂದು ಬಾರಿಯ ದೊಡ್ಡ ಕಾರ್ಯಕ್ರಮಕ್ಕಿಂತ ತಿಂಗಳ ದೇಣಿಗೆ ಮೇಲು, ಆದರೆ ಅದು ನಿಧಾನ. ಒಬ್ಬ ದಾನಿಯನ್ನು ಕರೆತರುವ ಖರ್ಚು ಅವರ ಆರು ತಿಂಗಳ ದೇಣಿಗೆಗೆ ಸಮನಾದರೆ ಮೊದಲ ಆರು ತಿಂಗಳು ಲಾಭವಿಲ್ಲ. ತಿಂಗಳಿಗೆ ಶೇ. 3 ಜನ ಬಿಟ್ಟುಹೋದರೂ ವರ್ಷದಲ್ಲಿ ಸುಮಾರು ಶೇ. 30 ಮಂದಿ ಕಡಿಮೆಯಾಗುತ್ತಾರೆ. ಎಲ್ಲರೂ ಮನಸ್ಸು ಬದಲಿಸಿದವರಲ್ಲ: ಕಾರ್ಡ್ ಅವಧಿ ಮುಗಿದಿರುತ್ತದೆ, ಖಾತೆಯಲ್ಲಿ ಹಣವಿರುವುದಿಲ್ಲ. ವಿಫಲವಾದ ಪಾವತಿಗಳನ್ನು ವಾರಕ್ಕೊಮ್ಮೆ ನೋಡಿ ಫೋನ್ ಮಾಡಲು ಒಬ್ಬರನ್ನು ನೇಮಿಸಿ.

ತರಬೇತಿ, ಸಮೀಕ್ಷೆಯಂಥ ಸೇವೆ ಮಾರುವವರು ಸಿಬ್ಬಂದಿಯ ಸಮಯವನ್ನು ಪುಕ್ಕಟೆ ಎಂದು ಎಣಿಸಿ ಕೆಡುತ್ತಾರೆ. ಅದಕ್ಕೆ ಬೇರೆ ಲೆಕ್ಕವಿಡಿ, ತೆರಿಗೆ ನಿಯಮ ಕೇಳಿಕೊಳ್ಳಿ, ಎಷ್ಟು ನಷ್ಟಕ್ಕೆ ನಿಲ್ಲಿಸುವುದೆಂದು ಶುರುವಿನಲ್ಲೇ ಬರೆದಿಡಿ.

ಮೀಸಲಿನಲ್ಲಿ ಮುಚ್ಚುವ ಖರ್ಚೂ ಇರಲಿ: ನೋಟಿಸ್ ಅವಧಿಯ ಸಂಬಳ, ಗ್ರಾಚ್ಯುಟಿ, ಕೊನೆಯ ಆಡಿಟ್, ಬಾಡಿಗೆ ಕರಾರಿನ ದಂಡ. ಈ ಹಣ ಮುಟ್ಟಲು ನಿರ್ದೇಶಕರೊಬ್ಬರ ಸಹಿ ಸಾಲದು. ಆಡಳಿತ ಮಂಡಳಿಯ ಲಿಖಿತ ನಿರ್ಣಯ ಬೇಕು, ತುಂಬಿಕೊಡುವ ದಿನಾಂಕ ಸಮೇತ.